ಸ್ಪೈನಾ ಬೈಫಿಡಾ ಇರುವ ಮಗುವಿಗೆ ಮನೆಯಲ್ಲೇ ಕ್ಯಾಥೆಟರ್ ಹಾಕುವ ಕ್ರಮ

ಸ್ಪೈನಾ ಬೈಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರದ ತೊಂದರೆ, ಇರುವ ಮಗುವಿನ ಬೆನ್ನಿನ ಆಪರೇಷನ್ ಮುಗಿದ ಮೇಲೆ ಮನೆಯವರ ಗಮನವೆಲ್ಲ ಕಾಲಿನ ಕಡೆ, ನಡಿಗೆಯ ಕಡೆ ಹೋಗುತ್ತದೆ. ಸದ್ದಿಲ್ಲದೆ ಹಾಳಾಗುವುದು ಮಾತ್ರ ಕಿಡ್ನಿ. ನರಗಳು ಸರಿಯಾಗಿ ಕೆಲಸ ಮಾಡದೆ ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಒಳಗೆ ಒತ್ತಡ ಏರಿ ಮೂತ್ರ ಕಿಡ್ನಿಯತ್ತ ಹಿಂದಿರುಗಬಹುದು. ಡೈಪರ್ ಒದ್ದೆಯಾಗಿದೆ ಎಂದು ನೆಮ್ಮದಿ ಪಡಬೇಡಿ, ತುಂಬಿ ಸೋರುತ್ತಿರಬಹುದು. ಹೊಟ್ಟೆ ಒತ್ತಿ ಮೂತ್ರ ಬರಿಸುವುದಂತೂ ಬೇಡವೇ ಬೇಡ.

ವೈದ್ಯರು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಹಗಲಲ್ಲಿ 3–4 ಗಂಟೆಗೊಮ್ಮೆ, ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಹಾಕಿ ಮೂತ್ರಕೋಶ ಖಾಲಿ ಮಾಡಬೇಕು. ಸ್ಟೆರೈಲ್ (ಕ್ರಿಮಿರಹಿತ) ಕೊಠಡಿ ಬೇಕಿಲ್ಲ, ಚೊಕ್ಕಟವಾದ ಕೈ ಸಾಕು ಎಂಬುದನ್ನು ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೆಸ್ 1972ರಲ್ಲೇ ತೋರಿಸಿಕೊಟ್ಟರು. ಹೊತ್ತು ತಪ್ಪಿಸುವುದೇ ದೊಡ್ಡ ತಪ್ಪು.

ಕ್ಯಾಥೆಟರ್‌ನ ದಪ್ಪವನ್ನು ‘ಫ್ರೆಂಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕೂಸುಗಳಿಗೆ ಹೆಚ್ಚಾಗಿ 6 ಫ್ರೆಂಚ್, ಶಾಲೆಗೆ ಹೋಗುವ ಮಕ್ಕಳಿಗೆ 8–10 ಫ್ರೆಂಚ್ ಅಳತೆ ಹೊಂದುತ್ತದೆ. ನಿಮ್ಮ ಮಗುವಿನ ಅಳತೆ ವೈದ್ಯರಿಂದಲೇ ಗೊತ್ತಾಗಲಿ. ಲೇಟೆಕ್ಸ್ (ಒಂದು ಬಗೆಯ ರಬ್ಬರ್) ಇಲ್ಲದ್ದನ್ನೇ ಕೇಳಿ ತನ್ನಿ. ಈ ಮಕ್ಕಳಿಗೆ ಲೇಟೆಕ್ಸ್ ಅಲರ್ಜಿ ಬರುವುದು ಹೆಚ್ಚು, ಬಲೂನು ಕೂಡ ಬೇಡ. ನೀರಿನಲ್ಲಿ ಕರಗುವ ಜೆಲ್ಲಿ ಬಳಸಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬಳಸಬಾರದು.

ಸೋಪು ಹಚ್ಚಿ ಕೈ ತೊಳೆದು ಒಣಗಿಸಿ. ಮೂತ್ರದ ದ್ವಾರವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ. ಕ್ಯಾಥೆಟರ್ ತುದಿಗೆ ಜೆಲ್ಲಿ ಹಚ್ಚಿ ನಿಧಾನಕ್ಕೆ ತೂರಿಸಿ. ಗಂಡು ಮಗುವಿನಲ್ಲಿ ಶಿಶ್ನವನ್ನು ಹೊಟ್ಟೆಯ ಕಡೆಗೆ ನೇರ ಎತ್ತಿ ಹಿಡಿಯಿರಿ. ಒಳಗೆ ಒಂದು ಕಡೆ ತಡೆದಂತಾದರೆ ಬಲ ಹಾಕಬೇಡಿ, ಹಗುರವಾಗಿ ಒತ್ತಿ ಹಿಡಿದು ಮಗುವಿಗೆ ದೀರ್ಘ ಉಸಿರೆಳೆಯಲು ಹೇಳಿ; ಸ್ನಾಯು ಸಡಿಲಾದಾಗ ತಾನಾಗಿ ಒಳಹೋಗುತ್ತದೆ. ಹೆಣ್ಣು ಮಗುವಿನಲ್ಲಿ ಯೋನಿಯ ಮೇಲ್ಭಾಗದ ಪುಟ್ಟ ತೂತೇ ಮೂತ್ರದ ದ್ವಾರ. ತಪ್ಪಿ ಯೋನಿಗೆ ಹೋದರೆ ಮೂತ್ರ ಬರುವುದಿಲ್ಲ. ಆಗ ಅದನ್ನು ಅಲ್ಲೇ ಬಿಟ್ಟು, ಹೊಸದೊಂದನ್ನು ಅದಕ್ಕಿಂತ ಮೇಲೆ ಹಾಕಿ, ಆಮೇಲೆ ಎರಡನ್ನೂ ತೆಗೆಯಿರಿ.

ಮೂತ್ರ ಬರತೊಡಗಿದ ಮೇಲೆ ಇನ್ನೂ 1–2 ಸೆಂ.ಮೀ. ಒಳಗೆ ತಳ್ಳಿ. ಹರಿವು ನಿಂತೊಡನೆ ಎಳೆದುಬಿಡಬೇಡಿ. ಚೂರು ಚೂರೇ ಹೊರತೆಗೆಯುತ್ತಾ ಬಂದರೆ ತಳದಲ್ಲಿ ಉಳಿದದ್ದೂ ಬರುತ್ತದೆ. ಪ್ರತಿ ಸಲವೂ ಅಳೆದು ಬರೆದಿಡಿ. ಎರಡು ವರ್ಷ ದಾಟಿದ ಮಗುವಿನ ಮೂತ್ರಕೋಶದ ಅಂದಾಜು ಸಾಮರ್ಥ್ಯಕ್ಕೆ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿ: 6 ವರ್ಷಕ್ಕೆ 240 ಮಿ.ಲೀ. ಪದೇ ಪದೇ ಅದನ್ನು ಮೀರಿದರೆ ಅವಧಿ ಕಡಿಮೆ ಮಾಡುವ ಬಗ್ಗೆ ವೈದ್ಯರನ್ನು ಕೇಳಿ. ನಡುವೆ ಸೋರಿಕೆ ಹೆಚ್ಚಾದರೆ ಮಲಬದ್ಧತೆಯನ್ನೂ ನೋಡಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ.

ಮೂತ್ರ ಸ್ವಲ್ಪ ಮಬ್ಬಾಗಿದ್ದು ಮಗು ಚೆನ್ನಾಗಿ ಆಡುತ್ತಿದ್ದರೆ ಆಂಟಿಬಯೋಟಿಕ್‌ಗೆ ಓಡಬೇಡಿ. ಜ್ವರ, ಬೆನ್ನಿನ ಪಕ್ಕದಲ್ಲಿ ನೋವು ಇದ್ದರೆ ಅದೇ ದಿನ ತೋರಿಸಿ. ತಲೆಯಲ್ಲಿ ಶಂಟ್ (ಮೆದುಳಲ್ಲಿ ತುಂಬುವ ನೀರನ್ನು ಹರಿಸುವ ಕೊಳವೆ) ಇರುವ ಮಗುವಿಗೆ ವಾಂತಿ, ತಲೆನೋವು, ಮಂಪರು ಬಂದರೆ ಮೂತ್ರದ ಸೋಂಕೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಶಂಟ್ ಕಟ್ಟಿಕೊಂಡಿರಬಹುದು.

ಶಾಲೆಗೆ ಸೇರಿಸುವಾಗಲೇ ಮಧ್ಯಾಹ್ನದ ಹೊತ್ತನ್ನು ಮಾತಾಡಿ ಗೊತ್ತುಮಾಡಿಕೊಳ್ಳಿ: ಚಿಲಕವಿರುವ ಬಾಗಿಲು, ನಲ್ಲಿ, ಚೀಲ ತೂಗುಹಾಕಲು ಮಗುವಿನ ಕೈಗೆಟಕುವ ಮೊಳೆ. ಸೋರುತ್ತದೆಂದು ನೀರು ಕುಡಿಯುವುದನ್ನು ಬಿಡಿಸಬೇಡಿ. ಕೈಚಳಕ ಬಂದ ಮಕ್ಕಳು ಆರೇಳು ವರ್ಷಕ್ಕೇ ತಾವಾಗಿ ಹಾಕಿಕೊಳ್ಳುವುದುಂಟು. ಹೆಣ್ಣುಮಕ್ಕಳಿಗೆ ಮೊದಲು ಕನ್ನಡಿ ಹಿಡಿದು ಕಲಿಸಿ.