ಮಳೆಗಾಲದ 61 ದಿನ

ಮಲ್ಪೆ ಬಂದರಿನ ದಕ್ಕೆಯಿಂದ ಮೀನು ಸಾಗಿಸುವ ಟೆಂಪೋ ನನ್ನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ನನಗೂ ಬಾಡಿಗೆ ಇಲ್ಲವೆಂದೇ ಹೇಳಬೇಕು. ದಿನಾಂಕ ಸಮೇತ ಮೊದಲೇ ಗೊತ್ತಿರುವ ರಜೆ ಇದು. ಆದರೂ ಒಂಬತ್ತು ವರ್ಷ, ಜೂನ್ ಎರಡನೆಯ ವಾರ ಬಂತೆಂದರೆ ಹೆಂಡತಿಯ ಬಳೆ ಅಡವಿಗೆ ಹೋಗುತ್ತಿತ್ತು, ಮನೆಗೆ ಸಿಡಿಲು ಬಡಿದವರ ಹಾಗೆ.

ಬಂಗುಡೆ ರಾಶಿ ಬಿದ್ದ ದಿನ ಕೈಗೆ ಬಂದದ್ದೆಲ್ಲ ಆ ದಿನದ್ದೇ ಎಂದುಕೊಳ್ಳುತ್ತಿದ್ದೆ. ಅದರಲ್ಲಿ ಜುಲೈ ತಿಂಗಳ ಕುಚ್ಚಲಕ್ಕಿಯೂ ಇದೆ ಎಂದು ಹೊಳೆದಿರಲಿಲ್ಲ. ಸಂಜೆ ನಾಲ್ಕು ಜನ ಸೇರಿದರೆ ಬಿಲ್ಲು ಕೊಡುವವನು ನಾನೇ. ತಂಗಿಯ ಮದುವೆಯಲ್ಲಂತೂ ಧಾರೆಗಿಂತ ಹಿಂದಿನ ರಾತ್ರಿಯ ಮೆಹಂದಿಗೇ ಹೆಚ್ಚು ಸುರಿದೆ: ಡಿಜೆ, ಕೋಳಿ, ಬಾಟಲಿ. ಅವಳೇನೂ ಕೇಳಿರಲಿಲ್ಲ, ಊರವರ ಬಾಯಿಗೆ ಹೆದರಿ ಮಾಡಿದ್ದು. ಆ ಸಾಲ ತೀರುವಷ್ಟರಲ್ಲಿ ಅವಳ ಮಗ ಅಂಗನವಾಡಿಗೆ ಹೋಗುತ್ತಿದ್ದ.

ಬಡವರು ಚಟದಿಂದಲೇ ಬಡವರಾದರು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಪ್ಪನ ಆಸ್ಪತ್ರೆಗೆಂದು ಮಾಡಿದ ಸಾಲಕ್ಕೆ ಯಾವ ಚಟ ಕಾರಣ? ಆದರೆ ಮೆಹಂದಿಯ ಸಾಲ ನಾನೇ ಎಳೆದುಕೊಂಡದ್ದು.

ದಾರಿ ಸಿಕ್ಕಿದ್ದು ಪಿಗ್ಮಿಯಿಂದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸಲು ಶುರುಮಾಡಿದ ಉಳಿತಾಯ ಅದು. ಮೀನಿನ ಬುಟ್ಟಿ ಹೊರುತ್ತಿದ್ದ ನನ್ನ ಅಜ್ಜಿಯೂ ಕಟ್ಟುತ್ತಿದ್ದರು. ಮುದುಕಿಯರ ವ್ಯವಹಾರವೆಂದು ನಾನು ನಗುತ್ತಿದ್ದೆ. ಬಡ್ಡಿ ಕಡಿಮೆ, ನಿಜ. ಆದರೆ ಪಿಗ್ಮಿಯವರು ಮೀನಿನ ಹರಾಜು ಮುಗಿಯುವ ಹೊತ್ತಿಗೆ ದಕ್ಕೆಗೇ ಬರುತ್ತಾರೆ, ದುಡ್ಡು ಇನ್ನೂ ಕಿಸೆಯಲ್ಲಿರುವಾಗಲೇ. ಬಾಡಿಗೆ ಸಿಕ್ಕ ದಿನ 200 ರೂಪಾಯಿ, ಇಲ್ಲದ ದಿನ ಇಲ್ಲ. ಮೊದಲ ವರ್ಷ 230 ದಿನ ಕಟ್ಟಿದೆ. 46,000 ರೂಪಾಯಿ ಆಯಿತು.

ಕಟ್ಟುವುದಕ್ಕಿಂತ ಕಷ್ಟವಾದದ್ದು ಗೆಳೆಯರಿಗೆ 'ಇವತ್ತು ಬರುವುದಿಲ್ಲ' ಎನ್ನುವುದು. "ಏನು ಮಾರಾಯ, ಪಿಗ್ಮಿ ಕಟ್ಟಿ ಬಂಗಲೆ ಎಬ್ಬಿಸುತ್ತೀಯಾ?" ಎಂದು ನಕ್ಕರು. ಎರಡು ತಿಂಗಳು ಹೊಟ್ಟೆನೋವು, ಮಗಳ ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಸುಳ್ಳುಗಳು ಮುಗಿದ ಮೇಲೆ ನಿಜ ಹೇಳಿದೆ. ಇಬ್ಬರು ಮಾತು ಬಿಟ್ಟರು. ಉಳಿದವರು ಈಗ ಚಹಾಕ್ಕೆ ಕರೆಯುತ್ತಾರೆ.

ಕಳೆದ ಮಳೆಗಾಲದಲ್ಲಿ ಬಳೆ ಮನೆಯಲ್ಲೇ ಇತ್ತು. ಆಗಸ್ಟ್‌ನಲ್ಲಿ ಟೆಂಪೋದ ಎರಡು ಟಯರು ಬದಲಿಸಲು ಮಾತ್ರ ಕೈಸಾಲ ಮಾಡಬೇಕಾಯಿತು. ಟಯರು ಸವೆಯುತ್ತದೆ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ.