ಆಸ್ಟ್ರೇಲಿಯಾದಲ್ಲಿ ಇನ್‌ಕಮ್ ಪ್ರೊಟೆಕ್ಷನ್: ಪ್ರೀಮಿಯಂ ಏರುವುದೆಲ್ಲಿ, ಇಳಿಸುವುದು ಹೇಗೆ

ಕಾಯಿಲೆ ಬಿದ್ದೋ ಅಪಘಾತವಾಗಿಯೋ ತಿಂಗಳುಗಟ್ಟಲೆ ದುಡಿಯಲಾಗದಿದ್ದಾಗ ಸಂಬಳದ ಒಂದು ಪಾಲನ್ನು ತಿಂಗಳು ತಿಂಗಳು ಕೊಡುವ ವಿಮೆ ಇದು. ಮೆಲ್ಬರ್ನ್, ಸಿಡ್ನಿಯಲ್ಲಿ ನೆಲೆಸಿ ಒಬ್ಬರ ಸಂಬಳದಲ್ಲೇ ಮನೆಸಾಲ ತೀರಿಸುತ್ತಿರುವವರು ಇದರ ಲೆಕ್ಕ ತಿಳಿದಿರಲೇಬೇಕು.

ಮೊದಲು ಸೂಪರ್ (ಸೂಪರ್‌ಆನ್ಯುಯೇಷನ್, ಅಂದರೆ ಅಲ್ಲಿನ ನಿವೃತ್ತಿ ಉಳಿತಾಯ) ಖಾತೆಯ ವಾರ್ಷಿಕ ಸ್ಟೇಟ್‌ಮೆಂಟ್ ತೆಗೆದು ನೋಡಿ. ಎಷ್ಟೋ ಜನರಿಗೆ ಗೊತ್ತಿಲ್ಲದಂತೆಯೇ ಅಲ್ಲಿ ಈ ವಿಮೆ ಇರುತ್ತದೆ. ಎರಡು ಸೂಪರ್ ಖಾತೆ ಇದ್ದರೆ ಎರಡು ಕಡೆಯೂ ಪ್ರೀಮಿಯಂ ಕಡಿತವಾಗುತ್ತಿರಬಹುದು. ಕ್ಲೇಮ್ ಬಂದಾಗ ಮಾತ್ರ ಎರಡರಿಂದಲೂ ಪೂರ್ತಿ ಹಣ ಸಿಗುವುದಿಲ್ಲ. ಒಂದು ಕೊಟ್ಟದ್ದನ್ನು ಇನ್ನೊಂದು ಕಳೆಯುತ್ತದೆ. ಊರಿಗೆ ಬಂದು ದೀರ್ಘಕಾಲ ಉಳಿಯುವವರಿಗೆ ಇನ್ನೊಂದು ಎಚ್ಚರಿಕೆ: 16 ತಿಂಗಳು ಖಾತೆಗೆ ಹಣ ಬೀಳದಿದ್ದರೆ, ಉಳಿಸಿಕೊಳ್ಳುತ್ತೇನೆಂದು ನೀವು ಬರೆದುಕೊಡದ ಹೊರತು, ವಿಮೆ ನಿಂತುಹೋಗುತ್ತದೆ.

ವಯಸ್ಸು, ಉದ್ಯೋಗ, ಆರೋಗ್ಯ, ಸಿಗರೇಟು ಇವೆಲ್ಲ ಬೆಲೆ ಏರಿಸುತ್ತವೆ. ನಿಮ್ಮ ಕೈಯಲ್ಲಿರುವ ದೊಡ್ಡ ಹಿಡಿತವೆಂದರೆ ವೇಟಿಂಗ್ ಪಿರಿಯಡ್, ಅಂದರೆ ದುಡಿಮೆ ನಿಂತ ಮೇಲೆ ಪರಿಹಾರದ ಲೆಕ್ಕ ಶುರುವಾಗುವವರೆಗೆ ಕಾಯಬೇಕಾದ ದಿನಗಳು. 30 ದಿನದಿಂದ 90 ದಿನಕ್ಕೆ ಹೋದರೆ ಪ್ರೀಮಿಯಂ ಚೆನ್ನಾಗಿ ಇಳಿಯುತ್ತದೆ. ಎಷ್ಟು ದಿನ ತಡೆದುಕೊಳ್ಳಬಲ್ಲಿರಿ ಎಂದು ಹೀಗೆ ಲೆಕ್ಕ ಹಾಕಿ: ಕೂಡಿಟ್ಟ ಸಿಕ್ ಲೀವ್ 25 ದಿನ, ಆನ್ಯುಯಲ್ ಲೀವ್ 20 ದಿನ, ಒಟ್ಟು 45 ಕೆಲಸದ ದಿನ, ಅಂದರೆ 9 ವಾರ. ಹಾಗಿದ್ದರೆ 60 ದಿನ ಸಾಕು ಅನ್ನಿಸುತ್ತದೆ. ಎಡವುವುದು ಇಲ್ಲೇ. ಪರಿಹಾರವನ್ನು ಸಾಮಾನ್ಯವಾಗಿ ತಿಂಗಳು ಮುಗಿದ ಮೇಲೆ ಕೊಡುತ್ತಾರೆ, ಆದ್ದರಿಂದ ಮೊದಲ ಹಣ ಕೈಸೇರುವುದು 90ನೇ ದಿನದ ಹೊತ್ತಿಗೆ. ನಡುವಿನ ಒಂದು ತಿಂಗಳ ಕಂತು, ಮನೆಖರ್ಚನ್ನು ಬೇರೆಯಾಗಿ ಎತ್ತಿಡಬೇಕು.

ಬೆನಿಫಿಟ್ ಪಿರಿಯಡ್, ಅಂದರೆ ಪರಿಹಾರ ಹೆಚ್ಚೆಂದರೆ ಎಷ್ಟು ಕಾಲ ಸಿಗುತ್ತದೆ ಎಂಬ ಅವಧಿ, 2 ವರ್ಷ, 5 ವರ್ಷ, ಇಲ್ಲವೇ 65ರ ವಯಸ್ಸಿನವರೆಗೆ ಇರುತ್ತದೆ. ಉದ್ದವಾದಷ್ಟೂ ದುಬಾರಿ. ಆದರೂ ಹಣ ಉಳಿಸಲೇಬೇಕೆಂದರೆ ವೇಟಿಂಗ್ ಹೆಚ್ಚಿಸಿ, ಇದನ್ನು ಮೊಟಕು ಮಾಡಬೇಡಿ. ಮೂರು ತಿಂಗಳನ್ನು ಉಳಿತಾಯದಲ್ಲಿ ದೂಡಬಹುದು, ಮೂವತ್ತು ವರ್ಷವನ್ನು ಆಗದು.

ವರ್ಷಕ್ಕೆ 1,00,000 ಡಾಲರ್ ಸಂಬಳವಿದ್ದು ಶೇ. 70ಕ್ಕೆ ವಿಮೆ ಮಾಡಿಸಿದರೆ ತಿಂಗಳಿಗೆ ಸುಮಾರು 5,833 ಡಾಲರ್. ಈಗಿನ ಪಾಲಿಸಿಗಳು ಕಾಯಿಲೆಗೆ ಮುಂಚಿನ ನಿಜವಾದ ಆದಾಯ ನೋಡಿಯೇ ಕೊಡುತ್ತವೆ. ಪಾರ್ಟ್‌ಟೈಮ್‌ಗೆ ಇಳಿದ ಮೇಲೂ ಹಳೆಯ ಮೊತ್ತಕ್ಕೇ ಕಟ್ಟುತ್ತಿದ್ದರೆ ಆ ಹೆಚ್ಚುವರಿ ದುಡ್ಡು ನೀರುಪಾಲು.

ಸೂಪರ್ ಹೊರಗೆ ಸ್ವಂತವಾಗಿ ಕಟ್ಟಿದ ಪ್ರೀಮಿಯಂಗೆ ತೆರಿಗೆ ವಿನಾಯಿತಿ ಇದೆ. ಶೇ. 30ರ ಸ್ಲ್ಯಾಬ್‌ನಲ್ಲಿರುವವರಿಗೆ 1,500 ಡಾಲರ್ ಪ್ರೀಮಿಯಂನ ನಿಜವಾದ ಹೊರೆ 1,050. ಸೂಪರ್‌ನಿಂದ ಕಡಿತವಾದದ್ದಕ್ಕೆ ನೀವು ವಿನಾಯಿತಿ ಕೇಳುವಂತಿಲ್ಲ. ಬರುವ ಪರಿಹಾರಕ್ಕೂ ತೆರಿಗೆಯಿದೆ, 5,833 ಪೂರ್ತಿ ಕೈಗೆ ಸಿಗುವುದಿಲ್ಲ.

ಕೊಟೇಶನ್‌ನಲ್ಲಿ ಸ್ಟೆಪ್ಡ್ ಅಂತಿದ್ದರೆ ವಯಸ್ಸಿನ ಜೊತೆ ಪ್ರತಿ ವರ್ಷ ಏರುತ್ತದೆ. ಲೆವೆಲ್ ಮೊದಲಿಗೆ ಭಾರ, ವಯಸ್ಸಿಗಾಗಿ ಏರದು. ಆದರೆ ಕಂಪನಿ ದರವನ್ನೇ ಪರಿಷ್ಕರಿಸಿದರೆ ಅದೂ ಏರುತ್ತದೆ. ಹೀಗಾಗಿ ಮೊದಲ ವರ್ಷದ ಬೆಲೆಯೊಂದನ್ನೇ ನೋಡದೆ 10 ವರ್ಷದ ಅಂದಾಜು ಕೇಳಿ ಪಡೆಯಿರಿ. ಕಂಪನಿ ಬದಲಿಸುವುದಾದರೆ ಹೊಸ ಪಾಲಿಸಿ ಮಂಜೂರಾಗಿ, ಯಾವ ಕಾಯಿಲೆಯನ್ನು ಹೊರಗಿಟ್ಟಿದ್ದಾರೆಂದು ಓದಿ ನೋಡುವವರೆಗೂ ಹಳೆಯದನ್ನು ರದ್ದು ಮಾಡಬೇಡಿ.