ವುಸ್ಟರ್ ಸುತ್ತಮುತ್ತ ಮನೆ ಮಾಡಿದ ಹೊಸಬರಿಗೆ: ಮೊದಲು ಪೋಲಾರ್ ಪಾರ್ಕಿಗೆ ಹೋಗಿ ಬನ್ನಿ

ಮಧ್ಯ ಮ್ಯಾಸಚೂಸೆಟ್ಸಿಗೆ ಬರುವ ನಮ್ಮವರು ಹೆಚ್ಚಾಗಿ ಮನೆ ಹುಡುಕುವುದು ಶ್ರೂಸ್‌ಬರಿ, ವೆಸ್ಟ್‌ಬರೋ, ನಾರ್ತ್‌ಬರೋ ಕಡೆ. ಶಾಲೆ ಚೆನ್ನಾಗಿದೆ, ಇಂಡಿಯನ್ ಅಂಗಡಿ ಕೈಗೆಟುಕುವ ದೂರದಲ್ಲಿದೆ, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನಕ್ಕೂ ದೂರವಿಲ್ಲ. ಶನಿವಾರ ಬಂತೆಂದರೆ ಕಾರು ತಾನಾಗಿ ಬಾಸ್ಟನ್ ಕಡೆ ತಿರುಗುತ್ತದೆ. ಪಕ್ಕದಲ್ಲೇ, ಕ್ವಿನ್ಸಿಗಮಂಡ್ ಕೆರೆಯ ಸೇತುವೆ ದಾಟಿದರೆ ಸಿಗುವ ವುಸ್ಟರ್ ಊರಿಗೆ ನಾವು ಕಾಲಿಡುವುದು ಆಸ್ಪತ್ರೆಗೋ ಯಾವುದಾದರೂ ಕಚೇರಿ ಕೆಲಸಕ್ಕೋ ಮಾತ್ರ. ಐದಾರು ವರ್ಷ ಇಲ್ಲಿದ್ದೂ ಆ ಊರಿನ ಒಬ್ಬರ ಪರಿಚಯವೂ ಆಗದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಥವರಿಗೆಲ್ಲ ನನ್ನದೊಂದೇ ಸಲಹೆ: ಬೇಸ್‌ಬಾಲ್ ಬರಲಿ ಬಿಡಲಿ, ಒಂದು ಸಂಜೆ ಪೋಲಾರ್ ಪಾರ್ಕ್ ಮೈದಾನದಲ್ಲಿ ನಡೆಯುವ ವೂಸಾಕ್ಸ್, ಅಂದರೆ ವುಸ್ಟರ್ ರೆಡ್ ಸಾಕ್ಸ್, ತಂಡದ ಆಟಕ್ಕೆ ಹೋಗಿ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಮೈದಾನವಾದ ಫೆನ್‌ವೇ ಪಾರ್ಕನ್ನು ಆಮೇಲೆ ನೋಡಬಹುದು, ಅದೆಲ್ಲೂ ಓಡಿಹೋಗುವುದಿಲ್ಲ.

ಮೊದಲು ಊರಿನ ಸ್ವಭಾವ ತಿಳಿದುಕೊಳ್ಳಿ. 2020ರ ಜನಗಣತಿಯ ಪ್ರಕಾರ ವುಸ್ಟರಿನ ಜನಸಂಖ್ಯೆ 2,06,518. ಈಶಾನ್ಯದ ಆರು ರಾಜ್ಯ ಸೇರಿದ ಇಡೀ ನ್ಯೂ ಇಂಗ್ಲೆಂಡಿನಲ್ಲಿ ಬಾಸ್ಟನ್ ಬಿಟ್ಟರೆ ಇದೇ ದೊಡ್ಡದು. ಆದರೂ ಟಿವಿಯಲ್ಲಿ, ಪತ್ರಿಕೆಯಲ್ಲಿ, ರಾಜ್ಯದ ಲೆಕ್ಕಾಚಾರದಲ್ಲಿ ಬಾಸ್ಟನ್ನಿನದೇ ಭರಾಟೆ. ದಾವಣಗೆರೆಯವರ ಮುಂದೆ ಕೂತು ಬೆಂಗಳೂರಿನ ಬೆಣ್ಣೆದೋಸೆ ಹೊಗಳಿದರೆ ಅವರ ಮುಖ ಹೇಗಾಗುತ್ತದೋ, ವುಸ್ಟರಿನವರ ಎದುರು ‘ನಾವು ಬಾಸ್ಟನ್ನಿನಲ್ಲಿದ್ದೇವೆ’ ಎಂದರೆ ಹಾಗೇ ಆಗುತ್ತದೆ. ಈ ಬಿಗುಮಾನಕ್ಕೆ ಬೇಸ್‌ಬಾಲಿನಲ್ಲೇ ಹಳೆಯ ಕಾರಣವೊಂದಿದೆ. 1880ರಿಂದ 1882ರವರೆಗೆ ವುಸ್ಟರಿಗೆ ನ್ಯಾಷನಲ್ ಲೀಗಿನಲ್ಲಿ, ಅಂದರೆ ದೇಶದ ಅತ್ಯುನ್ನತ ದರ್ಜೆಯಾದ ಮೇಜರ್ ಲೀಗಿನಲ್ಲೇ, ಸ್ವಂತ ತಂಡವಿತ್ತು. 1880ರ ಜೂನ್ 12ರಂದು ಆ ತಂಡದ ಪಿಚ್ಚರ್ (ಚೆಂಡೆಸೆಯುವವ) ಲೀ ರಿಚ್ಮಂಡ್ ಕ್ಲೀವ್‌ಲ್ಯಾಂಡ್ ವಿರುದ್ಧ ಎದುರಾಳಿಯ ಒಬ್ಬನನ್ನೂ ಬೇಸ್ (ರನ್ನಿಗೆ ಓಡುವಾಗ ಮುಟ್ಟಬೇಕಾದ ಗುರುತು) ತಲುಪಲು ಬಿಡದೆ ಆಟ ಮುಗಿಸಿದ. ‘ಪರ್ಫೆಕ್ಟ್ ಗೇಮ್’ ಅನ್ನುವುದು ಇದನ್ನೇ; ಮೇಜರ್ ಲೀಗಿನ ಇತಿಹಾಸದಲ್ಲಿ ಇದೇ ಮೊದಲನೆಯದು. ಎರಡು ವರ್ಷ ಕಳೆಯುವಷ್ಟರಲ್ಲಿ, ಊರು ಚಿಕ್ಕದಾಯಿತು ಅಂತ ಲೀಗು ತಂಡವನ್ನು ಹೊರಗೆ ಹಾಕಿತು. ಆಟ ಬಲ್ಲ ಹಳಬರು ಇವತ್ತಿಗೂ ಅದನ್ನು ನಿನ್ನೆ ಮೊನ್ನೆ ಆದ ಅನ್ಯಾಯದ ಹಾಗೆ ಹೇಳುತ್ತಾರೆ.

ಈಗಿನ ತಂಡ ಬಂದದ್ದು ಪಕ್ಕದ ರೋಡ್ ಐಲ್ಯಾಂಡ್ ರಾಜ್ಯದಿಂದ. ಬಾಸ್ಟನ್ ರೆಡ್ ಸಾಕ್ಸಿನ ಕಿರಿಯ (ಮೈನರ್ ಲೀಗ್) ತಂಡ ದಶಕಗಟ್ಟಲೆ ಪಾಟಕೆಟ್ ಊರಿನ ಮೆಕಾಯ್ ಮೈದಾನದಲ್ಲಿ ಆಡುತ್ತಿತ್ತು, ಜನ ಪ್ರೀತಿಯಿಂದ ‘ಪಾಸಾಕ್ಸ್’ ಅನ್ನುತ್ತಿದ್ದರು. ಹಳೆಯ ಮೈದಾನದ ಬದಲು ಹೊಸದು ಕಟ್ಟುವ ಮಾತುಕತೆ ಅಲ್ಲಿ ಮುರಿದುಬಿತ್ತು, 2018ರ ಆಗಸ್ಟಿನಲ್ಲಿ ವುಸ್ಟರ್ ತಂಡವನ್ನು ತನ್ನತ್ತ ಸೆಳೆದುಕೊಂಡಿತು. ಕೋವಿಡ್ಡಿನಿಂದಾಗಿ 2020ರ ಕಿರಿಯ ಲೀಗುಗಳ ಋತುವೇ ರದ್ದಾದ್ದರಿಂದ ಪಾಟಕೆಟ್ಟಿನವರಿಗೆ ಕೊನೆಯ ಆಟವೆಂದು ತಿಳಿದು ಬೀಳ್ಕೊಡುವ ಭಾಗ್ಯವೂ ಸಿಗಲಿಲ್ಲ. ಆಫೀಸಿನಲ್ಲಿ ರೋಡ್ ಐಲ್ಯಾಂಡಿನ ಸಹೋದ್ಯೋಗಿ ಇದ್ದರೆ ಈ ವಿಷಯ ಎತ್ತುವಾಗ ಸ್ವಲ್ಪ ಹುಷಾರು. ಎತ್ತಲೇಬೇಕಾದರೆ 1981ರ ಆಟದ ಬಗ್ಗೆ ಕೇಳಿ, ಮುಖ ಅರಳುತ್ತದೆ. ಏಪ್ರಿಲ್ 18ರ ರಾತ್ರಿ ಪಾಟಕೆಟ್ ಮತ್ತು ರಾಚೆಸ್ಟರ್ ನಡುವೆ ಶುರುವಾದ ಆಟ ಬೆಳಗಿನ ಜಾವ 4 ದಾಟಿದರೂ ಮುಗಿಯಲಿಲ್ಲ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದ ಆಟವನ್ನು ಸಮಬಲದಲ್ಲೇ 32 ಇನ್ನಿಂಗ್ಸ್ ಆದಮೇಲೆ ನಿಲ್ಲಿಸಿದಾಗ ಕೊರೆಯುವ ಚಳಿಯಲ್ಲಿ ಉಳಿದಿದ್ದವರು 19 ಪ್ರೇಕ್ಷಕರು. ಜೂನ್ 23ರಂದು ಮುಂದುವರಿಸಿದರೆ ಒಂದೇ ಇನ್ನಿಂಗ್ಸಿನಲ್ಲಿ, 18 ನಿಮಿಷದಲ್ಲಿ ಪಾಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲಿನಲ್ಲಿ ಅದಕ್ಕಿಂತ ಉದ್ದದ ಆಟ ಇನ್ನೊಂದಿಲ್ಲ. ಮುಂದೆ ದಂತಕಥೆಯಾದ ವೇಡ್ ಬಾಗ್ಸ್ ಒಂದು ಕಡೆ, ಕ್ಯಾಲ್ ರಿಪ್ಕೆನ್ ಇನ್ನೊಂದು ಕಡೆ ಆಡಿದ್ದರು.

ಇನ್ನು ಮೈದಾನ. ಪೋಲಾರ್ ಪಾರ್ಕ್ ಶುರುವಾದದ್ದು 2021ರ ಮೇ 11ರಂದು, ಕೋವಿಡ್ ನಿಯಮದಿಂದಾಗಿ ಮಿತಿ ಹಾಕಿದ ಪ್ರೇಕ್ಷಕರ ನಡುವೆ. ಹಿಡಿಸುವುದು ಸುಮಾರು 9,500 ಜನ. ಹೆಸರು ಬಂದಿರುವುದು ಹಿಮಕರಡಿಯ ಚಿತ್ರವಿರುವ ಪೋಲಾರ್ ಸೋಡಾ ಕಂಪನಿಯಿಂದ. 1882ರಿಂದ ಇದೇ ಊರಿನಲ್ಲಿರುವ, ಇವತ್ತಿಗೂ ಒಂದೇ ಮನೆತನದ ಕೈಲಿರುವ ಕಂಪನಿ ಅದು. 290 ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಗಾಳಿ ತುಂಬಿದ ದೊಡ್ಡ ಹಿಮಕರಡಿ ಅವರದೇ. ಆರ್ಸನ್ ಅಂತ ಹೆಸರು, ಮಕ್ಕಳಿಗೆ ತೋರಿಸಿ. ತಂಡದ ಮ್ಯಾಸ್ಕಾಟ್ ಹಳದಿ ನಗುಮುಖದ ‘ಸ್ಮೈಲಿ ಬಾಲ್’. ಕಾರಣ, ನಾವು ದಿನಕ್ಕೆ ನೂರು ಸಲ ವಾಟ್ಸಾಪಿನಲ್ಲಿ ಒತ್ತುವ ಆ ಹಳದಿ ನಗುಮುಖದ ಮೂಲ ಬರೆದದ್ದು ವುಸ್ಟರಿನ ಚಿತ್ರಕಾರ ಹಾರ್ವಿ ಬಾಲ್. 1963ರಲ್ಲಿ ಊರಿನ ವಿಮಾ ಕಂಪನಿಯೊಂದರ ನೌಕರರ ಹುಮ್ಮಸ್ಸಿಗೆಂದು ಬರೆದುಕೊಟ್ಟರು, ಸಿಕ್ಕಿದ್ದು 45 ಡಾಲರ್. ಹಕ್ಕು ನೋಂದಾಯಿಸುವ ಗೋಜಿಗೇ ಅವರು ಹೋಗಲಿಲ್ಲ. ಇಂಥ ಸಂಗತಿಗಳನ್ನು ಊರಿನವರು ಎದೆಯುಬ್ಬಿಸಿ ಹೇಳುತ್ತಾರೆ, ಕೇಳಿಸಿಕೊಳ್ಳಿ. ಮಾತು ಬೆಳೆಸಲು ಹವಾಮಾನಕ್ಕಿಂತ ಇದು ವಾಸಿ.

ಮೈದಾನ ಇರುವುದು ಕೆನಾಲ್ ಡಿಸ್ಟ್ರಿಕ್ಟಿನಲ್ಲಿ, ಹಿಂದೆ ಕಾರ್ಖಾನೆಗಳಿದ್ದು ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಜಾಗ. ಪಕ್ಕದ ಕೆಲ್ಲಿ ಸ್ಕ್ವೇರಿನಲ್ಲಿ ಏಳು ರಸ್ತೆ ಬಂದು ಸೇರುತ್ತಿದ್ದವು, ಸಿಗ್ನಲ್ ಇರಲಿಲ್ಲ, ಧೈರ್ಯವಿದ್ದವನು ಮೊದಲು ನುಗ್ಗುತ್ತಿದ್ದ. ನಮ್ಮ ಸಿಲ್ಕ್ ಬೋರ್ಡಿನಲ್ಲಿ ಪಳಗಿದವರಿಗೆ ಮಾತ್ರ ಅಲ್ಲಿ ಭಯವಾಗುತ್ತಿರಲಿಲ್ಲ ಅನ್ನಿ. ಮೈದಾನದ ಯೋಜನೆಯ ಜೊತೆಗೇ ಅದನ್ನು ಕಡಲೆಕಾಯಿ ಆಕಾರದ ವೃತ್ತವಾಗಿ ಬದಲಿಸಿದರು. ಮೊದಲ ಸಲ ಹೋಗುವವರು ಜಿಪಿಎಸ್ಸನ್ನು ನಂಬಿ ನಿಧಾನವಾಗಿ ಹೋಗಿ, ದಾರಿ ತಪ್ಪಿದರೆ ಇನ್ನೊಂದು ಸುತ್ತು ಹೊಡೆಯಿರಿ.

ಖರ್ಚಿನ ಮಾತಿಗೆ ಬಂದರೆ ಊರಿನಲ್ಲಿ ಎರಡು ಗುಂಪು. ಮೈದಾನ ಕಟ್ಟಿದ್ದು ನಗರಸಭೆ, ಒಡೆತನವೂ ನಗರದ್ದೇ. ಮೊದಲು ಹೇಳಿದ ಅಂದಾಜು 10 ಕೋಟಿ ಡಾಲರಿನ ಸುತ್ತಮುತ್ತ. ಮುಗಿಯುವಾಗ 15 ಕೋಟಿ ಡಾಲರನ್ನೂ ದಾಟಿತ್ತು. ಸುತ್ತ ಏಳುವ ಹೊಸ ಕಟ್ಟಡಗಳ ತೆರಿಗೆಯಿಂದಲೇ ಸಾಲ ತೀರುತ್ತದೆ ಅನ್ನುವುದು ಲೆಕ್ಕಾಚಾರ, ಆದರೆ ಆ ಕಟ್ಟಡಗಳು ಹೇಳಿದ ಹೊತ್ತಿಗೆ ಏಳಲಿಲ್ಲ. ಜೊತೆಗೆ ಸುತ್ತಲಿನ ಬಾಡಿಗೆ ಏರಿತು ಅಂತ ಹಳೆಯ ನಿವಾಸಿಗಳ ದೂರು. ನನ್ನ ಮಟ್ಟಿಗೆ ಹೇಳುವುದಾದರೆ, ಶ್ರೀಮಂತರ ತಂಡಕ್ಕೆ ಊರಿನವರ ಹಣದಲ್ಲಿ ಮನೆ ಕಟ್ಟಿಕೊಡುವುದು ಸರಿಯೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಹಾಗೆಂದು, ಸಂಜೆ ಏಳರ ಮೇಲೆ ನರಪಿಳ್ಳೆ ಕಾಣದಿದ್ದ ಬೀದಿಯಲ್ಲಿ ಈಗ ಅಜ್ಜಿ ಮೊಮ್ಮಗನ ಕೈಹಿಡಿದು ಐಸ್‌ಕ್ರೀಮ್ ತಿನ್ನುತ್ತಾ ನಡೆಯುವುದನ್ನು ಲೆಕ್ಕದ ಯಾವ ಕಾಲಮ್ಮಿಗೆ ಸೇರಿಸುವುದೋ ನನಗೆ ಗೊತ್ತಿಲ್ಲ. ಹೊಸಬರು ಈ ವಾದದಲ್ಲಿ ಪಕ್ಷ ಹಿಡಿಯುವ ಅಗತ್ಯವಿಲ್ಲ. ವಾದ ಇದೆ ಅಂತ ಗೊತ್ತಿದ್ದರೆ ಸಾಕು.

‘ಮೈನರ್ ಲೀಗ್’ ಅಂದಕೂಡಲೇ ಗಲ್ಲಿ ಕ್ರಿಕೆಟ್ ಅಂದುಕೊಳ್ಳಬೇಡಿ. ಪ್ರತಿ ಮೇಜರ್ ಲೀಗ್ ತಂಡದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ಪೂರ್ಣ ಋತುವಿನ ತಂಡಗಳಿರುತ್ತವೆ. ವುಸ್ಟರಿನದು ಎಲ್ಲಕ್ಕಿಂತ ಮೇಲಿನ ಟ್ರಿಪಲ್-ಎ. ಬಾಸ್ಟನ್ನಿನಿಂದ ಒಂದು ಫೋನ್ ಬಂದರೆ ಆಟಗಾರ ಅದೇ ಸಂಜೆ ಫೆನ್‌ವೇಯಲ್ಲಿ. ಜರೆನ್ ಡುರಾನ್, ಬ್ರಾಯನ್ ಬೇಯೋ ಹಾದುಹೋದದ್ದು ಇಲ್ಲಿಂದಲೇ, 2025ರ ಜೂನಿನಲ್ಲಿ ರೋಮನ್ ಆಂತನಿ ಮೇಲೆ ಹೋದದ್ದೂ ಇಲ್ಲಿಂದಲೇ. ಗಾಯವಾಗಿ ಚೇತರಿಸಿಕೊಳ್ಳುವ ದೊಡ್ಡ ಆಟಗಾರರೂ ಮೊದಲು ಇಲ್ಲಿ ನಾಲ್ಕು ಆಟ ಆಡಿ ಮೈ ಸಡಿಲಿಸಿಕೊಳ್ಳುತ್ತಾರೆ, ಆಗ ಟಿಕೆಟ್ಟಿಗೆ ನೂಕುನುಗ್ಗಲು. ಸಂಬಳ ಮಾತ್ರ ಕೋಟಿಗಟ್ಟಲೆ ಅಲ್ಲ. ಕಿರಿಯ ಲೀಗಿನ ಆಟಗಾರರು ಒಕ್ಕೂಟ ಕಟ್ಟಿಕೊಂಡು 2023ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡ ಮೇಲೆ ಟ್ರಿಪಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಅದಕ್ಕೂ ಮೊದಲು ಇದರ ಅರ್ಧದಷ್ಟೇ. ನಿಮ್ಮ ಮುಂದೆ ಮಣ್ಣಿನಲ್ಲಿ ಹೊರಳಿ ಎದ್ದ ಹುಡುಗನ ಸಂಬಳ ನಿಮ್ಮ ಆಫೀಸಿನ ಹೊಸ ಎಂಜಿನಿಯರನಿಗಿಂತ ಎಷ್ಟೋ ಕಡಿಮೆ ಇರಬಹುದು.

ಕ್ರಿಕೆಟ್ ನೋಡಿ ಬೆಳೆದವರಿಗೆ ಆಟ ಅರ್ಧ ಗಂಟೆಯಲ್ಲಿ ತಲೆಗೆ ಹತ್ತುತ್ತದೆ. ಒಂಬತ್ತು ಇನ್ನಿಂಗ್ಸ್, ಪ್ರತಿ ಸರದಿಗೆ ಮೂರು ಔಟ್. ಚೆಂಡು ನೆಲಕ್ಕೆ ಬೀಳದೆ ಬರುತ್ತದೆ, ಎಲ್ಲವೂ ಫುಲ್‌ಟಾಸ್. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಪುಕ್ಕಟೆ ಮೊದಲ ಬೇಸ್. ಸ್ಟ್ರೈಕ್ ಅಂದರೆ ಹೊಡೆಯಬಹುದಾದ ಚೆಂಡನ್ನು ಬಿಟ್ಟದ್ದು ಇಲ್ಲವೇ ಬ್ಯಾಟು ಬೀಸಿಯೂ ತಪ್ಪಿದ್ದು, ಬಾಲ್ ಅಂದರೆ ನಮ್ಮ ವೈಡ್ ಇದ್ದ ಹಾಗೆ. ಹಿಂದಕ್ಕೆ ಗ್ಲಾನ್ಸ್ ಮಾಡಿದರೆ ರನ್ ಇಲ್ಲ, ಮುಂದಿನ ಎರಡು ಗೆರೆಗಳ ನಡುವೆಯೇ ಹೊಡೆಯಬೇಕು. ಎಲ್ಲಕ್ಕಿಂತ ಕಷ್ಟವಾಗುವುದು ರನ್ನಿನ ಬರ ಸಹಿಸಿಕೊಳ್ಳುವುದು. ಮೂರು-ಎರಡು ಅನ್ನುವುದು ಇಲ್ಲಿ ಒಳ್ಳೆಯ ಸ್ಕೋರು. ಹೊಡೆತಕ್ಕೆ ಕಾಯುವುದು ಬಿಟ್ಟು ಪಿಚ್ಚರ್ ಮತ್ತು ಬ್ಯಾಟರ್ ನಡುವಿನ ಜಗ್ಗಾಟ ನೋಡಿ. ಎರಡು ಸ್ಟ್ರೈಕ್ ಆದಮೇಲೆ ಬ್ಯಾಟರ್ ಕೈಯನ್ನು ಹಿಡಿಕೆಯ ಮೇಲೆ ಒಂಚೂರು ಸರಿಸಿಕೊಳ್ಳುತ್ತಾನೆ, ಕ್ಯಾಚರ್ ಗ್ಲೌಸನ್ನು ಹೊರಗಿನ ಅಂಚಿಗೆ ಒಯ್ಯುತ್ತಾನೆ, ಚೆಂಡೆಸೆಯಲು ಕೊಟ್ಟ ಹೊತ್ತು ತೋರಿಸುವ ಗಡಿಯಾರದಲ್ಲಿ ಸೆಕೆಂಡುಗಳು ಇಳಿಯುತ್ತಿರುತ್ತವೆ. ಅಂಪೈರ್ ಸ್ಟ್ರೈಕ್ ಅಂದ ತಕ್ಷಣ ಬ್ಯಾಟರ್ ತನ್ನ ಹೆಲ್ಮೆಟ್ ತಟ್ಟಿದರೆ ಅದು ನಮ್ಮ ಡಿಆರ್‌ಎಸ್ ಇದ್ದಂತೆ: ಪರದೆಯ ಮೇಲೆ ಚೆಂಡಿನ ದಾರಿ ಮೂಡುತ್ತದೆ, ಇಡೀ ಮೈದಾನ ‘ಓ’ ಅನ್ನುತ್ತದೆ. ಈ ವ್ಯವಸ್ಥೆಯನ್ನು ದೊಡ್ಡ ಲೀಗಿಗೆ ಒಯ್ಯುವ ಮೊದಲು ಪಳಗಿಸಿದ್ದು ಟ್ರಿಪಲ್-ಎಯಲ್ಲೇ.

ಪ್ರೇಕ್ಷಕರ ಕಡೆ ಬಂದ ಚೆಂಡು ನಿಮ್ಮದೇ, ವಾಪಸ್ ಎಸೆಯಬೇಕಿಲ್ಲ. ನಮ್ಮವರೊಬ್ಬರು ಚಿನ್ನಸ್ವಾಮಿ ಅಭ್ಯಾಸದಲ್ಲಿ ಗೆರೆಯಾಚೆ ಬಂದ ಫೌಲ್ ಬಾಲನ್ನು ಹಿಡಿದು ಗಂಭೀರವಾಗಿ ಮೈದಾನಕ್ಕೇ ಎಸೆದುಬಿಟ್ಟಾಗ ಹಿಂದಿನ ಸಾಲಿನ ಮುದುಕರೊಬ್ಬರು ತಲೆ ಮೇಲೆ ಕೈ ಹೊತ್ತರು. ನಿಮಗೆ ಸಿಕ್ಕಿದ್ದನ್ನು ಹತ್ತಿರದ ಮಗುವಿಗೆ ಕೊಟ್ಟರೆ ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ, ನೆರೆಹೊರೆ ಅಲ್ಲೇ ಶುರು. ಬಲೆ ಇಲ್ಲದ ಕಡೆ ಕೂತಾಗ ಮಾತ್ರ ಫೋನಿನಲ್ಲಿ ಮುಳುಗಬೇಡಿ, ಚೆಂಡು ಗಟ್ಟಿ. ಆಟ ಶುರುವಾಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಹೋದರೆ ಮಕ್ಕಳು ಬೇಲಿಯ ಬಳಿ ನಿಂತು ಆಟಗಾರರ ಹಸ್ತಾಕ್ಷರ ಹಾಕಿಸಿಕೊಳ್ಳಬಹುದು. ಫೆನ್‌ವೇಯಲ್ಲಿ ಇದು ಅಷ್ಟು ಸುಲಭವಲ್ಲ.

ಊಟದ ವಿಷಯ. ಹಾಟ್ ಡಾಗಿನಲ್ಲಿ ಸಾಮಾನ್ಯವಾಗಿ ದನದ್ದೋ ಹಂದಿಯದೋ ಮಾಂಸವಿರುತ್ತದೆ, ತಿನ್ನದವರು ಕೇಳಿಯೇ ಕೊಳ್ಳಿ. ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಫ್ರೈಸ್, ಪಾಪ್‌ಕಾರ್ನ್, ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಇದ್ದೇ ಇರುತ್ತವೆ. ಸಿಪ್ಪೆಯನ್ನು ಕಾಲಡಿಗೇ ಹಾಕುವುದು ರೂಢಿ, ಸಂಕೋಚ ಬೇಡ. ಹೊಟ್ಟೆ ತುಂಬ ತಿನ್ನಬೇಕಿದ್ದರೆ ಹತ್ತಿರದಲ್ಲೇ ಇರುವ ವುಸ್ಟರ್ ಪಬ್ಲಿಕ್ ಮಾರ್ಕೆಟ್ಟಿಗೆ ಆಟಕ್ಕೆ ಮುಂಚೆ ಹೋಗಿ, ಹಲವು ದೇಶಗಳ ಅಡುಗೆ ಒಂದೇ ಸೂರಿನಡಿ ಸಿಗುತ್ತದೆ. ಪುಳಿಯೋಗರೆ ಡಬ್ಬ ಹಿಡಿದು ಗೇಟಿನಲ್ಲಿ ವಾದಕ್ಕೆ ನಿಲ್ಲಬೇಡಿ. ಚೀಲ ಮತ್ತು ಹೊರಗಿನ ತಿಂಡಿಯ ನಿಯಮವನ್ನು ಹೊರಡುವ ಮೊದಲೇ ತಂಡದ ಪುಟದಲ್ಲಿ ಓದಿಕೊಳ್ಳಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದೊಯ್ಯಿರಿ. ಆಟ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ನಡುವೆ ಎದ್ದು ಓಡಾಡಲು ಅಗಲವಾದ ಜಾಗವಿದೆ.

ಋತು ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಯವರೆಗೆ. ಒಂದೇ ಎದುರಾಳಿ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಊರಿನಲ್ಲಿರುತ್ತದೆ, ಸೋಮವಾರ ರಜೆ. ಮೊದಲ ಸಲಕ್ಕೆ ಜೂನ್ ಅಥವಾ ಜುಲೈಯ ವಾರಾಂತ್ಯ ಆರಿಸಿ. ಬೇಸಿಗೆಯಲ್ಲಿ ಆಟ ಮುಗಿದ ಮೇಲೆ ಪಟಾಕಿ ಇರುವ ರಾತ್ರಿಗಳು, ಮಕ್ಕಳನ್ನು ಮೈದಾನಕ್ಕಿಳಿಸಿ ಬೇಸ್ ಸುತ್ತ ಓಡಿಸುವ ದಿನಗಳು ಇರುತ್ತವೆ, ವೇಳಾಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ. ಏಪ್ರಿಲ್ಲಿನಲ್ಲಿ ಸೀಟು ಖಾಲಿ ಇರುತ್ತದೆ, ಆದರೆ ಕಂಬಳಿ ಹೊದ್ದು ಕೂರಬೇಕಾದೀತು. ಪುಟ್ಟ ಮಕ್ಕಳಿದ್ದರೆ ಹುಲ್ಲಿನ ಇಳಿಜಾರಿನ ಟಿಕೆಟ್ ತೆಗೆದುಕೊಳ್ಳಿ, ಉರುಳಾಡಿಕೊಂಡಿರುತ್ತವೆ. ಆಟ ನೋಡಬೇಕೆನ್ನುವವರಿಗೆ ಒಂದನೆಯ ಅಥವಾ ಮೂರನೆಯ ಬೇಸಿನ ಬದಿ ವಾಸಿ. ನಾಲ್ಕೈದು ಕನ್ನಡ ಮನೆಗಳು ಸೇರಿ ಹೋಗುವುದಾದರೆ ಒಟ್ಟಿಗೇ ಬುಕ್ ಮಾಡಿ. ಆದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಕನ್ನಡದಲ್ಲೇ ಹರಟುತ್ತಾ ಎದ್ದು ಬರಬೇಡಿ. ಎರಡೆರಡು ಸಾಲಾಗಿ ಕೂತರೆ ಪಕ್ಕದವರೊಡನೆ ಮಾತಿಗೆ ಅವಕಾಶ ಇರುತ್ತದೆ.

ಪಾರ್ಕಿಂಗಿಗೆ ಮೈದಾನದ ಬಾಗಿಲಲ್ಲೇ ದುಡ್ಡು ಸುರಿಯುವ ಬದಲು ಸ್ವಲ್ಪ ದೂರದ ಗ್ಯಾರೇಜಿನಲ್ಲಿ ನಿಲ್ಲಿಸಿ ನಡೆದು ಬನ್ನಿ, ಮುಗಿದ ಮೇಲೆ ಹೊರಬೀಳುವುದೂ ಬೇಗ. ಫ್ರೇಮಿಂಗ್‌ಹ್ಯಾಮ್, ಆಶ್‌ಲ್ಯಾಂಡ್ ಕಡೆಯವರು ಕಮ್ಯೂಟರ್ ರೈಲು ಹತ್ತಿ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಮೈದಾನಕ್ಕೆ ನಡೆದೇ ಹೋಗಬಹುದು. ರಾತ್ರಿ ಆಟವಾದರೆ ಮರಳುವ ಕೊನೆಯ ರೈಲಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ಆಟ ಹತ್ತನೇ ಇನ್ನಿಂಗ್ಸಿಗೆ ಹೋದರೂ ರೈಲು ನಿಮಗಾಗಿ ಕಾಯುವುದಿಲ್ಲ.